ಕೋಡಿಯಿಲ್ಲದ ಕೆರೆ: ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರದಿದ್ದರೆ ಎಲ್ಲೆಲ್ಲಿ ಹುಡುಕಬೇಕು

ಮೂರು ತಿಂಗಳು ಒಂದು ದಿನವೂ ತಪ್ಪಿಸದೆ ಅತ್ತಿಗೆ ಕಬ್ಬಿಣದ ಮಾತ್ರೆ ನುಂಗಿದರು. 9.1 ಇದ್ದ ಹಿಮೋಗ್ಲೋಬಿನ್ 9.3ಕ್ಕೆ ಬಂದು ನಿಂತಿತು. "ಈ ಮಾತ್ರೆಯಲ್ಲಿ ಏನೂ ಇಲ್ಲ ಮಾರಾಯ, ಬೇರೆ ಕಂಪನಿಯದು ತಂದುಕೊಡು" ಎಂದರು. ತಂದುಕೊಡುವ ಮೊದಲು ಮೂಡಿಗೆರೆ ಹತ್ತಿರದ ಅವರ ಮನೆಯಲ್ಲಿ ಒಂದು ಬೆಳಿಗ್ಗೆ ಸುಮ್ಮನೆ ಕುಳಿತು ನೋಡಿದೆ. ಎರಡು ಅಕ್ಕಿರೊಟ್ಟಿ, ಕಾಯಿ ಚಟ್ನಿ. ಕೊನೆಯ ತುಂಡು ಬಾಯಿಗೆ ಹೋಗುವ ಮೊದಲೇ ಲೋಟದ ತುಂಬ ಕಾಫಿ ಬಂತು. ಎರಡನೆಯ ಗುಟುಕಿಗೆ ಕೆಂಪು ಮಾತ್ರೆ. ಅದರ ಬೆನ್ನಿಗೇ, ಅದೇ ಕಾಫಿಯಲ್ಲಿ, ಮೂಳೆ ನೋವಿಗೆಂದು ಬರೆದುಕೊಟ್ಟಿದ್ದ ಕ್ಯಾಲ್ಸಿಯಂ ಮಾತ್ರೆ.

ಪ್ರಯೋಗಾಲಯದ ಮೇಜಿನ ಹಿಂದೆ ಊರವರ ರಕ್ತ ನೋಡುತ್ತಲೇ ನಿವೃತ್ತನಾದವನು ನಾನು. ವೈದ್ಯನಲ್ಲ, ಔಷಧಿ ಚೀಟಿ ಬರೆಯುವವನೂ ಅಲ್ಲ. ಆದರೆ "ಮಾತ್ರೆ ನುಂಗಿದೆ, ರಕ್ತ ಏರಲಿಲ್ಲ" ಎಂಬ ದೂರನ್ನು ಕೇಳಿ ಕೇಳಿ, ಯಾವ ಕ್ರಮದಲ್ಲಿ ಹುಡುಕಿದರೆ ದುಡ್ಡೂ ದಿನವೂ ಉಳಿಯುತ್ತವೆ ಎಂಬುದು ಅಭ್ಯಾಸವಾಗಿದೆ. ಖರ್ಚಿಲ್ಲದ ತಪಾಸಣೆ ಮೊದಲು, ಸೂಜಿ ಆಮೇಲೆ, ದೊಡ್ಡಾಸ್ಪತ್ರೆ ಕೊನೆಗೆ.

ಇವು ಕಂಡರೆ ಓದುವುದನ್ನು ಬಿಟ್ಟು ಹೊರಡಿ

ಕುಳಿತಲ್ಲೇ ಏದುಸಿರು. ಎದೆನೋವು. ಎದ್ದು ನಿಂತರೆ ಕಣ್ಣು ಕತ್ತಲೆಯಾಗಿ ಬೀಳುವುದು. ರಕ್ತ ವಾಂತಿ. ಡಾಂಬರಿನಂತೆ ಕಪ್ಪಗೆ ಅಂಟುವ, ವಿಪರೀತ ನಾರುವ ಮಲ. ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ಸ್ರಾವ. ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಕರೆ ಮಾಡಿ. ಗರ್ಭಿಣಿಯ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ, ಅವರು ಆರಾಮವಾಗಿದ್ದೇನೆ ಎಂದರೂ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ನಿಧಾನವಾಗಿ ಇಳಿದ ರಕ್ತಕ್ಕೆ ಮೈ ಒಗ್ಗಿಕೊಂಡಿರುತ್ತದೆ. 6 ಇಟ್ಟುಕೊಂಡು ಕಾಫಿ ಕೊಯ್ಲು ಮುಗಿಸಿ, ನಡೆದುಕೊಂಡೇ ಪರೀಕ್ಷೆಗೆ ಬಂದವರನ್ನು ನೋಡಿದ್ದೇನೆ.

ಮೊದಲು ಕೆರೆಯ ಲೆಕ್ಕ

ದೊಡ್ಡವರ ಮೈಯಲ್ಲಿರುವ ಒಟ್ಟು ಕಬ್ಬಿಣ 3ರಿಂದ 4 ಗ್ರಾಂ, ಒಂದು ಸಣ್ಣ ಮೊಳೆಯ ತೂಕ. ಅದರಲ್ಲಿ ಮೂರನೆಯ ಎರಡು ಪಾಲು ಹಿಮೋಗ್ಲೋಬಿನ್‌ನಲ್ಲಿದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಸತ್ತ ಕಣಗಳನ್ನು ಒಡೆದು ಅದರ ಕಬ್ಬಿಣವನ್ನು ಮತ್ತೆ ಹೊಸ ಕಣಕ್ಕೆ ಬಳಸುವ ಕೆಲಸ ಗುಲ್ಮ, ಯಕೃತ್ತುಗಳಲ್ಲಿ ಹಗಲೂ ರಾತ್ರಿ ನಡೆಯುತ್ತದೆ. ದಿನಕ್ಕೆ ಬೇಕಾಗುವ 20–25 ಮಿಲಿಗ್ರಾಂ ಹೆಚ್ಚು ಕಡಿಮೆ ಪೂರ್ತಿ ಹೀಗೆ ಹಳೆಯದರಿಂದಲೇ ಬರುತ್ತದೆ. ಊಟದಿಂದ ಒಳಗೆ ಸೇರುವುದು ದಿನಕ್ಕೆ 1ರಿಂದ 2 ಮಿಲಿಗ್ರಾಂ ಮಾತ್ರ, ಉದುರುವ ಚರ್ಮ ಮತ್ತು ಕರುಳಿನ ಕಣಗಳೊಂದಿಗೆ ಹೊರಹೋಗುವುದೂ ಅಷ್ಟೇ.

ಸಖರಾಯಪಟ್ಟಣದ ಅಯ್ಯನಕೆರೆ ತುಂಬಿದರೆ ಕೋಡಿ ಬೀಳುತ್ತದೆ, ಹೆಚ್ಚಾದ ನೀರು ತಾನೇ ಹರಿದು ಹೋಗುತ್ತದೆ. ಮೈಯೊಳಗಿನ ಕಬ್ಬಿಣದ ಕೆರೆಗೆ ಕೋಡಿಯೇ ಇಲ್ಲ. ಹೆಚ್ಚಾದ ಕಬ್ಬಿಣವನ್ನು ಮೂತ್ರದಲ್ಲೋ ಪಿತ್ತದಲ್ಲೋ ಹೊರಹಾಕುವ ದಾರಿಯನ್ನು ದೇಹ ಇಟ್ಟುಕೊಂಡಿಲ್ಲ. ಹಾಗಾಗಿ ನಿಯಂತ್ರಣವೆಲ್ಲ ನೀರು ಒಳಗೆ ಬರುವ ಕಾಲುವೆಯ ಬಾಯಲ್ಲಿ, ಅಂದರೆ ಜಠರ ದಾಟಿದ ಕೂಡಲೇ ಸಿಗುವ ಸಣ್ಣ ಕರುಳಿನ ಮೊದಲ ಗೇಣಿನಲ್ಲಿ. ಅಲ್ಲಿನ ನೀರುಗಂಟಿ ಹೆಪ್ಸಿಡಿನ್ ಎಂಬ ಹಾರ್ಮೋನು. ಅದನ್ನು ತಯಾರಿಸುವುದು ಯಕೃತ್ತು, ಅದು ಪತ್ತೆಯಾಗಿದ್ದು ಈ ಶತಮಾನದ ಆರಂಭದಲ್ಲಷ್ಟೇ. ಮೈಯೊಳಗಿನ ಕಬ್ಬಿಣದ ಉಗ್ರಾಣ ತುಂಬಿದ್ದರೆ ಹೆಪ್ಸಿಡಿನ್ ಏರುತ್ತದೆ, ಕರುಳಿನ ಕಣದಿಂದ ರಕ್ತಕ್ಕೆ ಕಬ್ಬಿಣ ದಾಟುವ ಬಾಗಿಲು ಮುಚ್ಚುತ್ತದೆ. ಒಳಗೆ ಸಿಕ್ಕಿಬಿದ್ದ ಕಬ್ಬಿಣ ಮೂರು ನಾಲ್ಕು ದಿನದಲ್ಲಿ ಆ ಕಣ ಉದುರಿದಾಗ ಮಲದೊಂದಿಗೆ ಹೋಗುತ್ತದೆ. ಉಗ್ರಾಣ ಬರಿದಾದರೆ ಹೆಪ್ಸಿಡಿನ್ ಇಳಿದು ಬಾಗಿಲು ತೆರೆಯುತ್ತದೆ.

ಆದ್ದರಿಂದ ರಕ್ತ ಏರದಿದ್ದರೆ ಹುಡುಕಬೇಕಾದದ್ದು ಹೀಗೆ: ಕಾಲುವೆಗೆ ನೀರೇ ಬರುತ್ತಿಲ್ಲವೇ, ಬಾಯಿಗೆ ಕಸ ಕಟ್ಟಿದೆಯೇ, ಏರಿ ಸೋರುತ್ತಿದೆಯೇ, ನೀರುಗಂಟಿಯೇ ಬಾಗಿಲು ಹಾಕಿದ್ದಾನೆಯೇ? "ಇನ್ನೊಂದು ಟಾನಿಕ್ ಬಾಟಲಿ" ಈ ನಾಲ್ಕರಲ್ಲಿ ಮೊದಲನೆಯದಕ್ಕೆ ಮಾತ್ರ ಉತ್ತರ.

ಸುಸ್ತು, ಬಿಳಿಚಿದ ಮುಖ, ಹಸಿ ಅಕ್ಕಿ ಮುಕ್ಕುವ ಚಟ

ಸುಸ್ತೊಂದರಿಂದಲೇ ರಕ್ತ ಕಡಿಮೆ ಎಂದು ತೀರ್ಮಾನಿಸಬೇಡಿ. ಥೈರಾಯ್ಡ್, ಸಕ್ಕರೆ ಕಾಯಿಲೆ, ನಿದ್ದೆಗೇಡು ಎಲ್ಲವೂ ಸುಸ್ತಿನ ವೇಷದಲ್ಲೇ ಬರುತ್ತವೆ. ಆದರೆ ಸುಸ್ತಿನ ಜೊತೆ ಹಸಿ ಅಕ್ಕಿ, ಬಳಪ, ಮಣ್ಣು, ಫ್ರಿಜ್ಜಿನ ಐಸು ಇವುಗಳಲ್ಲಿ ಒಂದರ ಆಸೆ ತಡೆಯಲಾರದಂತಿದ್ದರೆ ಕಬ್ಬಿಣದ ಕೊರತೆಯ ಅನುಮಾನ ಬಲವಾಗುತ್ತದೆ. ಅಕ್ಕಿ ತಿಂದದ್ದರಿಂದ ರಕ್ತ ಕಡಿಮೆಯಾಯಿತು ಎಂದು ಅಜ್ಜಿಯರು ಬೈಯುತ್ತಾರೆ. ಬಹುಪಾಲು ಅದು ತಿರುಗುಮುರುಗು: ಕೊರತೆಯೇ ಆಸೆಯನ್ನು ಹುಟ್ಟಿಸುತ್ತದೆ, ಕಬ್ಬಿಣ ಸಿಕ್ಕ ಮೇಲೆ ಎಷ್ಟೋ ಜನರಲ್ಲಿ ತಾನಾಗಿ ಹೋಗುತ್ತದೆ. ಮೆಟ್ಟಿಲು ಹತ್ತಿದರೆ ಗುಂಡಿಗೆ ಹೊಡೆದುಕೊಳ್ಳುವುದು, ರಾತ್ರಿ ಕಾಲು ಆಡಿಸದೆ ಇರಲಾಗದಿರುವುದು, ಉಗುರು ಚಮಚದಂತೆ ಹಳ್ಳ ಬೀಳುವುದು ಇದೇ ಸಾಲಿನವು.

ಮನೆಯಲ್ಲೇ ನೋಡಲು: ಹಗಲು ಬೆಳಕಿನಲ್ಲಿ ಕೆಳ ರೆಪ್ಪೆಯನ್ನು ಮೆಲ್ಲಗೆ ಎಳೆಯಿರಿ. ಒಳಬದಿ ಕೆಂಪಗಿರಬೇಕು. ಬಿಳಿಚಿದ್ದರೆ ಪರೀಕ್ಷೆಗೆ ಹೋಗಿ, ಕೆಂಪಗಿದ್ದರೂ ಇಲ್ಲವೆಂದು ಖಾತ್ರಿಯಾಗುವುದಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಉಚಿತ. ಗರ್ಭಿಣಿಯಲ್ಲದ ಹೆಂಗಸರಿಗೆ 12, ಗರ್ಭಿಣಿಗೆ 11, ಗಂಡಸರಿಗೆ 13 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ನನ್ನ ಕಸುಬಿನ ಒಂದು ಗುಟ್ಟು ಹೇಳುತ್ತೇನೆ: ಬೆರಳು ಚುಚ್ಚಿದ ಮೇಲೆ ರಕ್ತ ಬರಲಿಲ್ಲವೆಂದು ಹಿಂಡಿದರೆ ಚರ್ಮದಡಿಯ ನೀರೂ ಹನಿಯಲ್ಲಿ ಬೆರೆತು ಅಂಕಿ ಕೆಳಗಿಳಿಯುತ್ತದೆ. ಚಳಿಗಾಲದ ಬೆಳಿಗ್ಗೆ ತಣ್ಣಗಾದ ಬೆರಳಿನಲ್ಲಿ ಇದು ದಿನವೂ ಆಗುತ್ತದೆ. ಕೈ ಉಜ್ಜಿ ಬಿಸಿ ಮಾಡಿಕೊಂಡು ಹೋಗಿ. ಹೋದ ತಿಂಗಳದ್ದಕ್ಕೆ ಹೋಲಿಸಬೇಕಾದರೆ ಅದೇ ಕಡೆ, ಅದೇ ವಿಧಾನದಲ್ಲಿ ಮಾಡಿಸಿ. ಎರಡು ಯಂತ್ರಗಳ ನಡುವಿನ ವ್ಯತ್ಯಾಸವನ್ನು ಮಾತ್ರೆಯ ತಲೆಗೆ ಕಟ್ಟಬೇಡಿ.

ಮಾತ್ರೆ ತಪ್ಪಿಸಿಲ್ಲ, ಆದರೂ ಅಂಕಿ ಕದಲುತ್ತಿಲ್ಲ

ಕಾಫಿ ಸೀಮೆಯಲ್ಲಿ ಇದೇ ಅತಿ ಸಾಮಾನ್ಯ ದೋಷ, ಸರಿಪಡಿಸಲು ಒಂದು ಪೈಸೆಯೂ ಬೇಡ.

ಕಾಫಿ, ಚಹಾಗಳಲ್ಲಿರುವ ಪಾಲಿಫಿನಾಲ್‌ಗಳು ಸೊಪ್ಪು, ಕಾಳು, ಮಾತ್ರೆಗಳ ಕಬ್ಬಿಣವನ್ನು ಹಿಡಿದುಕೊಂಡು ಕರುಳಿಗೆ ದಕ್ಕದಂತೆ ಮಾಡುತ್ತವೆ. ಅಮೆರಿಕದ ಸಂಶೋಧಕರು 1983ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ ಊಟದ ಜೊತೆ ಒಂದು ಕಪ್ ಕಾಫಿ ಕುಡಿದರೆ ಕಬ್ಬಿಣದ ಹೀರಿಕೆ 39 ಶೇಕಡ ಕಡಿಮೆಯಾಗುತ್ತದೆ, ಚಹಾ ಕುಡಿದರೆ 64 ಶೇಕಡ. ಅದಕ್ಕಿಂತ ಉಪಯೋಗದ ಸಂಗತಿ ಇನ್ನೊಂದಿದೆ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿ ಏನೂ ಕೆಡಿಸಲಿಲ್ಲ, ಊಟವಾಗಿ ಒಂದು ಗಂಟೆಯ ಮೇಲೆ ಕುಡಿದದ್ದು ಊಟದ ಜೊತೆ ಕುಡಿದಷ್ಟೇ ಕೆಡಿಸಿತು. ಎಂದರೆ ಎದ್ದ ಕೂಡಲೇ ಕುಡಿಯುವ ಕಾಫಿಯ ತಂಟೆಗೆ ಹೋಗಬೇಕಾಗಿಲ್ಲ, ತಿಂಡಿಯ ಬೆನ್ನಿಗೆ ಬರುವ ಕಾಫಿಯೇ ಆರೋಪಿ. ಕಾಫಿ ಬಿಡಿ ಎಂದು ಚಿಕ್ಕಮಗಳೂರಿನಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ಅದರ ಜಾಗ ಬದಲಿಸಿದರೆ ಸಾಕು: ಊಟ, ತಿಂಡಿ, ಮಾತ್ರೆಗಳ ನಂತರ ಎರಡು ಗಂಟೆ ಬಿಡಿ.

ಇನ್ನುಳಿದ ಕಸವನ್ನು ಹೀಗೆ ಹುಡುಕಿ. ಕ್ಯಾಲ್ಸಿಯಂ ಮಾತ್ರೆ, ಹಾಲು, ಮೊಸರು ಕಬ್ಬಿಣದ ಮಾತ್ರೆಯ ಹತ್ತಿರ ಬೇಡ, ಕನಿಷ್ಠ ಎರಡು ಗಂಟೆ ಅಂತರವಿರಲಿ. ಥೈರಾಯ್ಡ್ ಮಾತ್ರೆ ನುಂಗುವವರು ನಾಲ್ಕು ಗಂಟೆ ಬಿಡಬೇಕು, ಇಲ್ಲದಿದ್ದರೆ ಕಬ್ಬಿಣ ಆ ಮಾತ್ರೆಯನ್ನು ಹಿಡಿದುಕೊಂಡು ಥೈರಾಯ್ಡ್ ಲೆಕ್ಕ ತಪ್ಪುತ್ತದೆ. ವರ್ಷಗಟ್ಟಲೆ ಬೆಳಿಗ್ಗೆ ಎದ್ದು "ಗ್ಯಾಸ್ ಮಾತ್ರೆ" ನುಂಗುವವರ ಜಠರದಲ್ಲಿ ಕಬ್ಬಿಣವನ್ನು ಕರಗಿಸಲು ಬೇಕಾದಷ್ಟು ಆಮ್ಲ ಇರುವುದಿಲ್ಲ. ಅದು ಇನ್ನೂ ಬೇಕೇ ಎಂದು ಬರೆದುಕೊಟ್ಟವರನ್ನೇ ಕೇಳಿ.

ಊಟದ ಮಾತು. ಹಾಸನದ ಕಡೆಯವರು "ರಾಗಿ ತಿನ್ನುತ್ತೇವೆ, ನಮಗೆಲ್ಲಿಯ ರಕ್ತಹೀನತೆ" ಎನ್ನುತ್ತಾರೆ. ರಾಗಿಯಲ್ಲಿ ಕಬ್ಬಿಣವಿದೆ, ಜೊತೆಗೆ ಅದನ್ನು ಕಟ್ಟಿಹಾಕುವ ಫೈಟೇಟೂ ಟ್ಯಾನಿನ್ನೂ ಇವೆ. ನೆನೆಸಿ ಮೊಳಕೆ ಬರಿಸಿದ ರಾಗಿಯಲ್ಲಿ ಫೈಟೇಟ್ ಇಳಿಯುತ್ತದೆ. ಮುದ್ದೆಯ ಜೊತೆಗಿನ ಹುರುಳಿ ಸಾರಿಗೋ ಸೊಪ್ಪಿನ ಸಾರಿಗೋ ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿದರೆ ಇನ್ನೂ ಒಳ್ಳೆಯದು, ಕುದಿಸಿದರೆ ಸಿ ಜೀವಸತ್ವ ನಾಶವಾಗುತ್ತದೆ. ತೋಟದ ಕಿತ್ತಳೆ, ಹಿತ್ತಲ ಸೀಬೆ, ನೆಲ್ಲಿಕಾಯಿ ಎಲ್ಲವೂ ಇದೇ ಕೆಲಸ ಮಾಡುತ್ತವೆ, ಊಟದ ಹೊತ್ತಿಗೇ ತಿನ್ನಬೇಕಷ್ಟೇ. ಮಾಂಸ, ಮೀನು ತಿನ್ನುವವರಿಗೆ ಅದರ ಕಬ್ಬಿಣ ಬೇರೆಯದೇ ಬಾಗಿಲಿನಿಂದ ಸಲೀಸಾಗಿ ಒಳಗೆ ಹೋಗುತ್ತದೆ. ಬೀಟ್‌ರೂಟ್, ದಾಳಿಂಬೆಗಳ ಕೆಂಪಿಗೆ ಮಾತ್ರ ಮರುಳಾಗಬೇಡಿ. ಅದು ಬಣ್ಣ, ಕಬ್ಬಿಣವಲ್ಲ.

ಮತ್ತೊಂದು ಸೂಕ್ಷ್ಮ. ಒಂದು ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಏರಿ ಸುಮಾರು 24 ಗಂಟೆ ಹಾಗೇ ಇರುತ್ತದೆ. ಮರುದಿನದ ಮಾತ್ರೆ ಅರ್ಧ ಮುಚ್ಚಿದ ಬಾಗಿಲಿಗೆ ಹೋಗಿ ಹೊಡೆಯುತ್ತದೆ. ಕಬ್ಬಿಣದ ಕೊರತೆಯಿರುವ ಹೆಂಗಸರಲ್ಲಿ ಜ್ಯೂರಿಕ್‌ನ ಸಂಶೋಧಕರು ಇದನ್ನು ಅಳೆದು, ದಿನ ಬಿಟ್ಟು ದಿನ ಕೊಟ್ಟರೆ ಪ್ರತಿ ಮಾತ್ರೆಯಿಂದ ಹೆಚ್ಚು ಪಾಲು ದಕ್ಕುತ್ತದೆ ಎಂದು ತೋರಿಸಿದರು. ಹೊಟ್ಟೆ ಕೆಡುವುದೂ ಕಡಿಮೆಯಾಗುತ್ತದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಅವಸರ ಮಾಡುವುದು ದಂಡ. ಗರ್ಭಿಣಿಯರು ಮಾತ್ರ ತಾವಾಗಿ ಕ್ರಮ ಬದಲಿಸಬಾರದು. ಅವರಿಗೆ ಸರ್ಕಾರಿ ಕಾರ್ಯಕ್ರಮದಲ್ಲಿ 180 ದಿನ, ದಿನಕ್ಕೊಂದು ಮಾತ್ರೆ ಎಂದಿದೆ. ಬದಲಿಸಬೇಕೆನಿಸಿದರೆ ವೈದ್ಯರೇ ಹೇಳಲಿ.

ಇಷ್ಟು ಸರಿಪಡಿಸಿದರೆ ನಾಲ್ಕು ವಾರದಲ್ಲಿ ಒಂದರಿಂದ ಎರಡು ಗ್ರಾಂ ಏರಬೇಕು. ಅತ್ತಿಗೆಯ ಕಾಫಿಯನ್ನು ಏಳೂವರೆಗೆ ತಂದು, ತಿಂಡಿಯನ್ನು ಒಂಬತ್ತಕ್ಕೆ ತಳ್ಳಿ, ಮಾತ್ರೆಯನ್ನು ಹನ್ನೊಂದೂವರೆಗೆ ನಿಂಬೆ ಪಾನಕದ ಜೊತೆ ಇಟ್ಟೆವು. ಕ್ಯಾಲ್ಸಿಯಂ ರಾತ್ರಿಗೆ ಹೋಯಿತು. ಆರು ವಾರಕ್ಕೆ 10.9 ಆಯಿತು. ಅವರು ಈಗಲೂ ಹೇಳುವುದು "ನಿಂಬೆಹಣ್ಣಿನ ಗುಣ" ಎಂದೇ. ಅಂಕಿ 12 ಮುಟ್ಟಿದ ದಿನವೇ ನಿಲ್ಲಿಸಬೇಡಿ, ಉಗ್ರಾಣ ತುಂಬಲು ಇನ್ನೂ ಮೂರು ತಿಂಗಳು ಬೇಕು.

ಮಾತ್ರೆ ಹೊಟ್ಟೆಗೆ ಆಗುವುದಿಲ್ಲ, ಮಲ ಕಪ್ಪಾಗಿದೆ

ಮಲ ಕಪ್ಪು ಅಥವಾ ಕಡು ಹಸಿರಾಗುವುದು ಸಹಜ, ಹೀರದೆ ಉಳಿದ ಕಬ್ಬಿಣದ ಬಣ್ಣ ಅದು. ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಅಂಟಾಗಿ ನಾರುತ್ತಿದ್ದರೆ ಮೇಲೆ ಹೇಳಿದ ಅಪಾಯದ ಪಟ್ಟಿಯದು. ವಾಕರಿಕೆ ಬಂದರೆ ಸ್ವಲ್ಪ ಆಹಾರದ ನಂತರ ತೆಗೆದುಕೊಳ್ಳಿ. ಹೀರಿಕೆ ತುಸು ಇಳಿದರೂ ನುಂಗದೆ ಬಿಡುವುದಕ್ಕಿಂತ ವಾಸಿ.

ಏರಿದ್ದು ಮತ್ತೆ ಇಳಿಯುತ್ತದೆ

ಕೆರೆಯ ಏರಿ ಸೋರುತ್ತಿದೆ, ಅಂದರೆ ಎಲ್ಲಿಂದಲೋ ರಕ್ತ ಹೋಗುತ್ತಿದೆ ಎಂದರ್ಥ. ಒಂದು ಮಿಲಿಲೀಟರ್ ರಕ್ತದ ಜೊತೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಮುಟ್ಟಿನಲ್ಲಿ 80 ಮಿಲಿಲೀಟರ್ ಹೋದರೆ 40 ಮಿಲಿಗ್ರಾಂ ಹೋಯಿತು. ತಿಂಗಳಿಡೀ ಊಟದಿಂದ ಗಳಿಸಿದ್ದರ ದೊಡ್ಡ ಪಾಲು ಅದು. ಏಳು ದಿನ ದಾಟುವ ಸ್ರಾವ, ಒಂದೆರಡು ಗಂಟೆಗೇ ಬದಲಿಸಬೇಕಾದ ಪ್ಯಾಡ್, ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ಹೆಪ್ಪು, ಇವುಗಳಲ್ಲಿ ಒಂದಿದ್ದರೂ ಸ್ತ್ರೀರೋಗ ತಜ್ಞರನ್ನು ನೋಡಿ. "ನಮ್ಮ ಮನೆತನದಲ್ಲಿ ಎಲ್ಲರಿಗೂ ಹೀಗೇ" ಎಂದು ಕೂರಬೇಡಿ.

ಎರಡನೆಯ ಸೋರಿಕೆ ತೋಟದ್ದು. ಮಳೆಗಾಲದಲ್ಲಿ ಇಂಬಳ (ಜಿಗಣೆ) ಕಚ್ಚಿದರೆ ರಕ್ತ ಕಣ್ಣಿಗೆ ಕಾಣುತ್ತದೆ, ಕಿತ್ತು ಸುಣ್ಣ ಹಚ್ಚುತ್ತೇವೆ. ಕೊಕ್ಕೆಹುಳು ಕುಡಿಯುವುದು ಕಾಣುವುದಿಲ್ಲ. ಬಯಲಿನಲ್ಲಿ ಮಲ ಬಿದ್ದ ಒದ್ದೆ ಮಣ್ಣಿನಲ್ಲಿ ಮರಿಹುಳು ಬೆಳೆದು, ಬರಿಗಾಲಿನ ಚರ್ಮ ತೂರಿ, ಶ್ವಾಸಕೋಶದ ದಾರಿಯಾಗಿ ಕರುಳು ಸೇರಿ ಕಚ್ಚಿಕೊಳ್ಳುತ್ತದೆ. ಕಾಫಿ ತೋಟದ ನೆರಳು, ತೇವ, ತರಗೆಲೆ ಇವೆಲ್ಲ ಅದಕ್ಕೆ ಹೇಳಿ ಮಾಡಿಸಿದ ಮನೆ. ಚಿಕ್ಕ ಜಾತಿಯ ಒಂದು ಹುಳು ದಿನಕ್ಕೆ ಕುಡಿಯುವುದು 0.03 ಮಿಲಿಲೀಟರ್‌ನಷ್ಟು. ನೂರು ಹುಳುವಿದ್ದರೆ 3 ಮಿಲಿಲೀಟರ್, ಅಂದರೆ ಒಂದೂವರೆ ಮಿಲಿಗ್ರಾಂ ಕಬ್ಬಿಣ. ನೀವು ಸೊಪ್ಪು ತಿಂದು ಗಳಿಸಿದ್ದು ಅಲ್ಲಿಗೆ ಲೆಕ್ಕ ಚುಕ್ತಾ. ಕಾಲ್ಬೆರಳ ಸಂದಿಯಲ್ಲಿ ತುರಿಕೆ, ಹೊಟ್ಟೆನೋವು, ರಕ್ತದ ವರದಿಯಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣ ಹೆಚ್ಚಿರುವುದು ಸುಳಿವುಗಳು. ಮಲ ಪರೀಕ್ಷೆಯಲ್ಲಿ ಮೊಟ್ಟೆ ಸಿಕ್ಕರೆ ಖಚಿತ. ಫೆಬ್ರವರಿ 10, ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಗಳಲ್ಲಿ ಮಾತ್ರೆ ಸಿಗುವುದು 1ರಿಂದ 19 ವರ್ಷದವರಿಗೆ. ತೋಟದ ಕೂಲಿಯವರ ಲೈನ್ ಮನೆಯ ದೊಡ್ಡವರು ಕೇಳಿ ಪಡೆಯಬೇಕು. ಗರ್ಭದ ಮೊದಲ ಮೂರು ತಿಂಗಳಲ್ಲಿ ಅದು ಬೇಡ. ಚಪ್ಪಲಿ ಇಲ್ಲದೆ, ಶೌಚಾಲಯ ಇಲ್ಲದೆ ಮಾತ್ರೆಯೊಂದನ್ನೇ ಕೊಟ್ಟರೆ ಮುಂದಿನ ಮಳೆಗಾಲಕ್ಕೆ ಹುಳು ವಾಪಸು ಬರುತ್ತದೆ.

ಮೂರನೆಯದನ್ನು ಹಗುರವಾಗಿ ತೆಗೆದುಕೊಳ್ಳಲೇಬೇಡಿ. ತೋಟವೊಂದರ ರೈಟರ್ (ಲೆಕ್ಕ ಬರೆಯುವವರು), ಐವತ್ತು ದಾಟಿದವರು, ಹಿಮೋಗ್ಲೋಬಿನ್ 8.2 ಇತ್ತು. ಮಂಡಿನೋವಿಗೆ ಎರಡು ವರ್ಷದಿಂದ ಅಂಗಡಿಯಿಂದಲೇ ನೋವಿನ ಮಾತ್ರೆ ತಂದು ನುಂಗುತ್ತಿದ್ದರು, ರಕ್ತಕ್ಕೆ ಟಾನಿಕ್ ಕೂಡ ಅಲ್ಲಿಂದಲೇ. ಕೊಳವೆ ಇಳಿಸಿ ನೋಡಿದಾಗ ಜಠರದಲ್ಲಿ ಹುಣ್ಣಿತ್ತು. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆ ಕಂಡರೆ ಹೊಟ್ಟೆ, ಕರುಳುಗಳಲ್ಲಿ ರಕ್ತ ಸೋರುತ್ತಿಲ್ಲ ಎಂದು ಖಾತ್ರಿಯಾಗುವವರೆಗೆ ಬಿಡಬಾರದು. ಹುಣ್ಣು, ಮೂಲವ್ಯಾಧಿ, ಕರುಳಿನ ಕ್ಯಾನ್ಸರ್ ಮೂರೂ ಹೀಗೆಯೇ ಮೊದಲ ಸುಳಿವು ಕೊಡುತ್ತವೆ. ಇಲ್ಲಿ ಮನೆಮದ್ದಿಗೆ ಜಾಗವಿಲ್ಲ, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ.

ಫೆರಿಟಿನ್ ಸರಿಯಿದೆ ಎನ್ನುತ್ತಾರೆ, ಹಿಮೋಗ್ಲೋಬಿನ್ ಮಾತ್ರ ಇಲ್ಲ

ಫೆರಿಟಿನ್ ಎಂಬ ರಕ್ತ ಪರೀಕ್ಷೆ ಕಬ್ಬಿಣದ ಉಗ್ರಾಣದ ಅಳತೆ. 15ಕ್ಕಿಂತ ಕಡಿಮೆಯಿದ್ದರೆ ಉಗ್ರಾಣ ಬರಿದು. ಆದರೆ ಸೋಂಕು, ಊತ ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ. ಆಗ 70ರ ಒಳಗಿದ್ದರೂ ಕೊರತೆಯೆಂದೇ ಅನುಮಾನಿಸಬೇಕು. ಕ್ಷಯ, ಸಂಧಿವಾತ, ಮೂತ್ರಪಿಂಡದ ಕಾಯಿಲೆಗಳಲ್ಲಿ ಹೆಪ್ಸಿಡಿನ್ ಬಾಗಿಲನ್ನು ಮುಚ್ಚಿಯೇ ಇಡುತ್ತದೆ. ಬ್ಯಾಕ್ಟೀರಿಯಾಗಳಿಗೂ ಬೆಳೆಯಲು ಕಬ್ಬಿಣ ಬೇಕು, ಅವಕ್ಕೆ ಸಿಗದಿರಲಿ ಎಂದು ದೇಹ ಉಗ್ರಾಣಕ್ಕೆ ಬೀಗ ಹಾಕುತ್ತದೆ. ಕಳ್ಳನಿಗೆ ಹೆದರಿ ಬೀಗ ಹಾಕಿದ ಮನೆಯಲ್ಲಿ ಮನೆಯವರೂ ಉಪವಾಸ. ಇಂಥವರಿಗೆ ಮಾತ್ರೆಯ ಮೇಲೆ ಮಾತ್ರೆ ಕೊಟ್ಟರೆ ಪ್ರಯೋಜನವಿಲ್ಲ, ಮೂಲ ಕಾಯಿಲೆ ಹುಡುಕಬೇಕು. ರಾತ್ರಿ ಜ್ವರ, ಎರಡು ವಾರ ಮೀರಿದ ಕೆಮ್ಮು, ತೂಕ ಇಳಿಕೆ, ಬೆಳಗಿನ ಕೀಲುಬಿಗಿತ, ಪಾದದ ಬಾವುಗಳನ್ನು ವೈದ್ಯರಿಗೆ ತಪ್ಪದೆ ಹೇಳಿ.

ವರದಿಯಲ್ಲಿ ಎಂಸಿವಿ ಎಂಬ ಸಾಲು

ಸಿಬಿಸಿ (ರಕ್ತಕಣಗಳ ಪೂರ್ತಿ ಎಣಿಕೆ) ವರದಿಯಲ್ಲಿ ಎಲ್ಲರೂ ದಾಟಿ ಹೋಗುವ ಸಾಲು ಇದು, ಕೆಂಪು ಕಣದ ಗಾತ್ರ. 80ರಿಂದ 100 ಸರಿ. 80ಕ್ಕಿಂತ ಕಡಿಮೆಯಿದ್ದರೆ ಹೆಚ್ಚಾಗಿ ಕಬ್ಬಿಣದ ಕೊರತೆ, ಇಲ್ಲವೇ ಥಲಸ್ಸೇಮಿಯಾ ಎಂಬ, ಹಿಮೋಗ್ಲೋಬಿನ್ ತಯಾರಿಕೆಯ ದೋಷವನ್ನು ಹುಟ್ಟಿನಿಂದ ಹೊತ್ತಿರುವ ವಾಹಕ ಸ್ಥಿತಿ. ಎಂಸಿವಿಯನ್ನು ಕೆಂಪು ಕಣಗಳ ಸಂಖ್ಯೆಯಿಂದ (ಮಿಲಿಯನ್‌ಗಳಲ್ಲಿ) ಭಾಗಿಸಿ. 13ಕ್ಕಿಂತ ಕಡಿಮೆ ಬಂದರೆ ಎರಡನೆಯದರ ಅನುಮಾನ. ಇದು ಅಂದಾಜು ಮಾತ್ರ, ತೀರ್ಪು ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆಯದು. ಮದುವೆಗೆ ಮೊದಲು ತಿಳಿದರೆ ಒಳ್ಳೆಯದು, ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಮಗುವಿಗೆ ಕಾಯಿಲೆಯೇ ಬರಬಹುದು. 100 ದಾಟಿದ್ದರೆ ಬಿ12 ಅಥವಾ ಫೋಲಿಕ್ ಆಮ್ಲದ ಕಡೆ ನೋಡಬೇಕು. ಶುದ್ಧ ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರು ಈ ಗುಂಪಿನಲ್ಲಿ ಹೆಚ್ಚು.

ಕಬ್ಬಿಣವೂ ಅಲ್ಲ, ಬಿ12 ಕೂಡ ಅಲ್ಲ: ತಾಮ್ರ, ಸತು, ಸೀಸ

ಇಲ್ಲಿಗೆ ಬರುವವರು ಕಡಿಮೆ, ಆದರೆ ಸತುವಿನ ಮಾತ್ರೆ ಶಕ್ತಿಗೆಂದು ತಿಂಗಳುಗಟ್ಟಲೆ ನುಂಗುವವರಿಗೆ ಇದು ಬೇಕು. ಸತು ಹೆಚ್ಚಾದರೆ ಕರುಳಿನ ಕಣದಲ್ಲಿ ಮೆಟಲೊಥಿಯೋನಿನ್ ಎಂಬ ಪ್ರೋಟೀನು ಹೆಚ್ಚುತ್ತದೆ, ಅದು ತಾಮ್ರವನ್ನು ಹಿಡಿದಿಟ್ಟುಕೊಂಡು ಕಣದೊಂದಿಗೆ ಉದುರಿ ಹೋಗುತ್ತದೆ. ಕಬ್ಬಿಣವನ್ನು ಸಾಗಿಸಲು ತಾಮ್ರದ ಕಿಣ್ವಗಳು ಬೇಕು. ಹಾಗಾಗಿ ಸತು ತಿಂದವರಿಗೆ ಕಬ್ಬಿಣಕ್ಕೆ ಬಗ್ಗದ ರಕ್ತಹೀನತೆ, ಜೊತೆಗೆ ಕಾಲು ಜೋಮು. ಮಕ್ಕಳ ಭೇದಿಗೆ ಓಆರ್‌ಎಸ್ ಜೊತೆ ಕೊಡುವ 14 ದಿನದ ಸತುವಿಗೆ ಈ ಭಯವಿಲ್ಲ, ಪೂರ್ತಿ ಕೊಡಿ.

ತಾಮ್ರಕ್ಕೆ ಕೋಡಿ ಉಂಟು: ಯಕೃತ್ತು ಅದನ್ನು ಪಿತ್ತದಲ್ಲಿ ಹೊರಹಾಕುತ್ತದೆ. ಹುಟ್ಟಿನಿಂದಲೇ ಆ ಕೋಡಿ ಕಟ್ಟಿಕೊಂಡಿದ್ದರೆ ಅದು ವಿಲ್ಸನ್ ಕಾಯಿಲೆ. ಹದಿಹರೆಯದವರಲ್ಲಿ ಕಾಮಾಲೆ, ಕೈನಡುಕ, ತೊದಲು ಮಾತು ಒಟ್ಟಿಗೆ ಕಂಡರೆ ಕಾಮಾಲೆಗೆ ನಾಟಿ ಔಷಧಿ ಹುಡುಕುತ್ತ ದಿನ ಕಳೆಯಬೇಡಿ, ಬೇಗ ಸಿಕ್ಕರೆ ಔಷಧಿಯಿದೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ ಇಟ್ಟು ವಾಂತಿಯಾದರೆ ಅದು ಬೇರೆ ಕಥೆ. ಪಾತ್ರೆಗೆ ಕಲಾಯಿ ಹಾಕಿಸಿ, ಸಾಕು.

ಸೀಸವೂ ಕಬ್ಬಿಣದ ಬಾಗಿಲಲ್ಲೇ ನುಗ್ಗುತ್ತದೆ, ಕಬ್ಬಿಣ ಕಡಿಮೆಯಿದ್ದಷ್ಟೂ ಹೆಚ್ಚು. ಮನೆಯಲ್ಲಿ ಹಳೆಯ ಬ್ಯಾಟರಿ ಬಿಚ್ಚುವ ಕೆಲಸವಿದ್ದು, ಮಗುವಿಗೆ ರಕ್ತಹೀನತೆಯ ಜೊತೆ ಆಗಾಗ ಹೊಟ್ಟೆನೋವು, ಕಲಿಕೆಯಲ್ಲಿ ಹಿಂದೆ ಬೀಳುವುದು ಕಂಡರೆ ಸೀಸದ ಪರೀಕ್ಷೆ ಮಾಡಿಸಲು ಕೇಳಿ.

ಮಗು ಮಾತ್ರೆ ನುಂಗಿಬಿಟ್ಟಿದೆ

ಕೋಡಿಯಿಲ್ಲದ ಕೆರೆಯ ಇನ್ನೊಂದು ಮುಖ. ಸರ್ಕಾರಿ ಕೆಂಪು ಮಾತ್ರೆಯೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ, ನೋಡಲು ಪೆಪ್ಪರಮೆಂಟಿನಂತೆ. ಮಗುವಿನ ತೂಕದ ಕಿಲೋಗೆ 20 ಮಿಲಿಗ್ರಾಂ ದಾಟಿದರೆ ವಿಷದ ಲಕ್ಷಣ ಶುರು, 60 ದಾಟಿದರೆ ಪ್ರಾಣಕ್ಕೇ ಅಪಾಯ. ಹತ್ತು ಕಿಲೋ ಮಗುವಿಗೆ ನಾಲ್ಕು ಮಾತ್ರೆ ಮೊದಲ ಗೆರೆ ದಾಟಿಸುತ್ತವೆ, ಹತ್ತು ಮಾತ್ರೆ ಎರಡನೆಯದನ್ನು ಮುಟ್ಟಿಸುತ್ತವೆ. ಮೊದಲು ವಾಂತಿ, ಭೇದಿ. ಆಮೇಲೆ ಕೆಲವು ಗಂಟೆ ಮಗು ಗೆಲುವಾಗಿ ಕಾಣುತ್ತದೆ, ಎಷ್ಟೋ ಮನೆಯವರು ಆಗಲೇ ಮೋಸ ಹೋಗುವುದು. ನಂತರ ಒಮ್ಮೆಲೇ ಕುಸಿಯುತ್ತದೆ. ಕಬ್ಬಿಣವನ್ನು ಹಿಡಿದು ಹೊರತೆಗೆಯುವ ಔಷಧಿ ಆಸ್ಪತ್ರೆಯಲ್ಲಿ ಮಾತ್ರ ಸಿಗುತ್ತದೆ. ವಾಂತಿ ಮಾಡಿಸಲು ಉಪ್ಪುನೀರು ಕುಡಿಸಬೇಡಿ. ವಾಂತಿ ನಿಂತಿತೆಂದು ಮನೆಗೆ ತಿರುಗಬೇಡಿ. ಸ್ಟ್ರಿಪ್ಪಿನಲ್ಲಿ ಉಳಿದ ಮಾತ್ರೆ ಎಣಿಸಿ, ಸ್ಟ್ರಿಪ್ಪನ್ನೂ ಜೊತೆಗೆ ಒಯ್ಯಿರಿ.